ಗುಳಿಗೆ ಸುಳ್ಳು ಹೇಳುವುದಿಲ್ಲ

೩ ಸೆಪ್ಟೆಂಬರ್ ೨೦೨೫, ಬುಧವಾರ. ಬೆಳಗ್ಗೆ ೮

ಏಳಕ್ಕೆ ಅವ್ವನ ಮನೆಗೆ ಹೋಗಿ ಬಂದೆ. ಎದುರು ಓಣಿ, ಅಷ್ಟೇ. ದುಂಡೇಶ ಹಲ್ಲುಜ್ಜಿ ಕಟ್ಟೆಯ ಮೇಲೆ ಕೂತಿದ್ದ. ಅರ್ಧ ಲೋಟ ನೀರಿನಲ್ಲಿ ಕುಡಿತ ಬಿಡಿಸುವ ಗುಳಿಗೆ, ಡೈಸಲ್ಫಿರಾಂ, ಕರಗಿಸಿ ಕೊಟ್ಟೆ. ಗಟಗಟ ಕುಡಿದ. ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸಿದ. ತೋರಿಸು ಎಂದು ನಾನು ಯಾವತ್ತೂ ಅಂದಿಲ್ಲ. ಮೂವತ್ತಾರು ವರ್ಷದ ತಮ್ಮ ಹಾಗೆ ಬಾಯಿ ತೆರೆದು ನಿಂತರೆ ಮೊದಲು ನಗು ಬರುತ್ತದೆ, ಆಮೇಲೆ ನಾನೇ ಬೇರೆ ಕಡೆ ನೋಡುತ್ತೇನೆ.

ಇದು ಅವನ ಹೆಂಡತಿ ಭೌರಮ್ಮನ ಷರತ್ತು. ಯುಗಾದಿಯ ಹಿಂದಿನ ವಾರ ಮಗಳನ್ನು ಕರೆದುಕೊಂಡು ಸಿಂದಗಿಗೆ, ತವರಿಗೆ, ಹೋದಳು. ಹೋಗುವಾಗ ನನ್ನ ಮುಂದೆ ಕೂತು ಹೇಳಿದಳು. ಅಳಲಿಲ್ಲ. ಅಳದಿದ್ದುದಕ್ಕೇ ನನಗೆ ಹೆದರಿಕೆಯಾಯಿತು.

“ಆರು ತಿಂಗಳು ಒಂದು ಹನಿ ಮುಟ್ಟದ ಇದ್ರ ಬರ್ತೇನ್ರಿ ಅಕ್ಕಾರ. ಗುಳಿಗಿ ನಿಮ್ಮ ಕೈಲೇನ ಕೊಡಬೇಕು. ಕುಡದ್ರ ಅವತ್ತ ನನಗ ಫೋನ್ ಮಾಡಬೇಕು. ತಮ್ಮ ಅಂತ ಮುಚ್ಚಬಾರದು.”

ಮಾತು ಕೊಟ್ಟೆ. ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಹದಿನಾರು ವರ್ಷದಿಂದ ಇದ್ದೇನೆ. ಗುಳಿಗೆ ಕೊಡುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ.

ಸಂಜೆ — ಅವ್ವನಿಗೆ ಊಟ ಸೇರುತ್ತಿಲ್ಲವಂತೆ. ಟಾನಿಕ್ ಒಯ್ದು ಕೊಟ್ಟೆ. ಸೊಸೆ, ಮೊಮ್ಮಗಳು ಬರುವವರೆಗೆ ಇವಳಿಗೆ ಹಸಿವಾಗುವುದಿಲ್ಲ, ಅದು ಬೇರೆ ಮಾತು.

೯ ಸೆಪ್ಟೆಂಬರ್, ಮಂಗಳವಾರ

ಇವತ್ತು ವಿಜಯಪುರದಿಂದ ಡಾ. ಫಿರದೋಸ ಬರುವ ದಿನ. ಮನೋರೋಗ ತಜ್ಞೆ. ಕಾರಿಡಾರ್ ತುಂಬ ಜನ. ನಾನು ಟೈಪ್ ಮಾಡಿ ಕೌಂಟರಿಗೆ ಅಂಟಿಸಿದ ಲಿಸ್ಟನ್ನು ಮೂರು ಜನಕ್ಕೆ ಓದಿ ಹೇಳಿದೆ — ಈ ಗುಳಿಗೆ ತಗೊಳ್ಳುವಾಗ ಮುಟ್ಟಬಾರದ ಪದಾರ್ಥಗಳು. ಕೆಮ್ಮಿನ ಸಿರಪ್, ಶೇವಿಂಗ್ ಲೋಷನ್, ಥಿನ್ನರ್, ವಾರ್ನಿಶ್... ದುಂಡೇಶನದು ಮೋಟಾರ್ ವೈಂಡಿಂಗ್ ಅಂಗಡಿ. ವಾರ್ನಿಶ್ ಹೊಡೆಯುವ ಕೆಲಸ ಏಪ್ರಿಲ್‌ನಿಂದ ಜೊತೆಗಾರ ಕಾಳಪ್ಪನದು.

ದುಂಡೇಶ ಡಾಕ್ಟರನ್ನು ಕೇಳಿದ. ತಲೆ ತಗ್ಗಿಸಿಕೊಂಡೇ ಕೇಳಿದ.

“ಆರು ತಿಂಗಳಾಗಾಕ ಬಂತ್ರಿ. ಆದ್ರೂ ಆ ವೈನ್ ಶಾಪ್ ತಿರುವಿನ್ಯಾಗ ಬಂದ್ರ ಬಾಯಾಗ ನೀರು ಬರ್ತಾವು. ನಾ ಸುಧಾರಿಸಿಲ್ಲೇನ್ರಿ?”

“ಸುಧಾರಿಸೀರಿ. ಮಿದುಳಿನ್ಯಾಗ ಡೋಪಮೈನ್ ಅಂತ ಐತಿ. ಸುಖಾ ಕೊಡೂದು ಅಂತ ಎಲ್ಲಾರೂ ಅಂತಾರ, ಅಷ್ಟ ಅಲ್ಲ. ‘ಇಲ್ಲಿ ಸಿಗತೈತಿ, ಮರೀಬ್ಯಾಡ’ ಅಂತ ಗುರ್ತು ಹಾಕಿ ಇಡೂದು ಅದರ ಕೆಲಸ. ಹತ್ತು-ಹನ್ನೆರಡು ವರ್ಷ ನೀವು ಆ ತಿರುವಿಗೆ ಗುರ್ತು ಹಾಕೀರಿ. ಆರು ತಿಂಗಳಿಗೆ ಅಳಸೂದಿಲ್ಲ.”

“ಈ ಗುಳಿಗಿ ಅಳಸೂದಿಲ್ಲೇನ್ರಿ?”

“ಇಲ್ಲ. ಇದರ ಕೆಲಸ ಲಿವರಿನ್ಯಾಗ. ಕುಡದಿದ್ದು ಪೂರಾ ಕರಗದ ಅರ್ಧಕ್ಕ ನಿಂತು ವಿಷ ಆಗತೈತಿ. ಮಾರಿ ಕೆಂಪಾಗಿ, ಎದಿ ಹೊಡಕೊಂಡು, ವಾಂತಿ ಆಗತೈತಿ. ಆ ಅಂಜಿಕಿಗೆ ನೀವು ಮುಟ್ಟೂದಿಲ್ಲ.”

“ಅಂದ್ರ ಆಸೆ ಒಳಗ ಇರತೈತಿ. ಬಾಗಲದಾಗ ವಾಚ್‌ಮನ್ ಕುಂತಾನ.”

ಡಾಕ್ಟರ್ ನಕ್ಕರು. ನನಗೆ ಹೆಮ್ಮೆಯಾಯಿತು. ಹತ್ತನೇ ಕ್ಲಾಸಿಗೆ ಸಾಲಿ ಬಿಟ್ಟವನು ಎಷ್ಟು ಬೇಗ ಹಿಡಿದುಬಿಟ್ಟ.

೧೪ ಸೆಪ್ಟೆಂಬರ್, ಭಾನುವಾರ

ಅಂಗಡಿಗೆ ಬುತ್ತಿ ಒಯ್ದೆ. ಯಾರದೋ ನಿಂಬೆ ತೋಟದ ಮೋಟಾರು ಬಿಚ್ಚಿಕೊಂಡು ಕೂತಿದ್ದ. ಕೂದಲೆಳೆಯಂಥ ತಾಮ್ರದ ತಂತಿ, ಸುತ್ತು ಎಣಿಸುತ್ತಾ ಸುತ್ತುತ್ತಿದ್ದ. ಮಾತಾಡಿಸಲಿಲ್ಲ, ಎಣಿಕೆ ತಪ್ಪುತ್ತದೆ. ಮಾರ್ಚ್‌ನಲ್ಲಿ ಇದೇ ಕೈ ಚಹಾದ ಕಪ್ಪು ಹಿಡಿಯಲಾಗದೆ ತಟ್ಟೆಗೆ ಬಡಿಯುತ್ತಿತ್ತು. ದಾರು ಬಿಡಿಸಲು ಆಸ್ಪತ್ರೆಗೆ ಸೇರಿಸಿದ ಹತ್ತು ದಿನ, ಗೋಡೆಯ ಮೇಲೆ ಇರುವೆ ಹರಿದಾಡುತ್ತಿವೆ ಎಂದು ಗೋಡೆ ತಟ್ಟುತ್ತಿದ್ದ. ಈಗ ನೋಡಿದರೆ... ಕೂತು ಅರ್ಧ ತಾಸು ಬರೀ ಕೈ ನೋಡಿದೆ.

೨೨ರಂದು, ನವರಾತ್ರಿಯ ಘಟಸ್ಥಾಪನೆಗೆ, ಭೌರಮ್ಮ ಬರುತ್ತಾಳೆ. ಆರು ತಿಂಗಳಿಗೆ ಒಂದು ದಿನ ಕಮ್ಮಿ. ಹಬ್ಬದ ರಿಯಾಯಿತಿ. ಇವನು ಮಲಗುವ ಕೋಣೆಗೆ ಬಣ್ಣ ಹೊಡೆಸಿದ್ದಾನೆ, ಗುಲಾಬಿ ಬಣ್ಣ. ಹೊಡೆಯುವವರನ್ನು ಕರೆಸಿದ್ದಾನೆ, ತಾನು ಓಣಿಯಾಚೆ ನಿಂತಿದ್ದ. ಥಿನ್ನರ್ ಅಂಜಿಕೆ. ಬಣ್ಣ ಮಾತ್ರ ಘೋರವಾಗಿದೆ, ಹೇಳಲಿಲ್ಲ.

೧೯ ಸೆಪ್ಟೆಂಬರ್, ಶುಕ್ರವಾರ. ಸಂಜೆ ೬

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಎರಡೂವರೆಗೆ ಕಾಳಪ್ಪ ಬೈಕಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ತಂದ. ದುಂಡೇಶನ ಮುಖ, ಕುತ್ತಿಗೆ, ಕಣ್ಣು ಎಲ್ಲ ಕೆಂಪು. ವಾಂತಿ. ಎದೆ ಹಿಡಿದುಕೊಂಡಿದ್ದ. ಪಲ್ಸ್ ನೂರ ಮೂವತ್ತು, ಬಿಪಿ ತೊಂಬತ್ತಕ್ಕೂ ಕೆಳಗೆ. ನರ್ಸಿಂಗ್ ಆಫೀಸರ್ ಅಶ್ಫಾಕ ಸಲೈನ್ ಹಚ್ಚಿದ, ಕಾಲು ಎತ್ತರಕ್ಕಿಟ್ಟ. ಬಗ್ಗಿದವನು ನನ್ನ ಕಡೆ ನೋಡಿದ.

“ಸ್ವಲ್ಪ ವಾಸನಿ ಐತ್ರಿ ಮೇಡಂ.”

“ಅಕ್ಕ, ನಾ ಕುಡದಿಲ್ಲ. ಮನಿಗೆ ಹೋಗಿ ಉಂಡು ಬಂದೆ, ಅಷ್ಟ.”

“ಏನ ಉಂಡಿ?”

“ರೊಟ್ಟಿ, ಹೆಸರಕಾಳ ಪಲ್ಯ, ಮಜ್ಜಿಗಿ.”

“ವಾರ್ನಿಶ್ ಮುಟ್ಟಿದೇನು?”

“ಇಲ್ಲ.”

ಅದಕ್ಕಾದರೂ ಹೌದು ಅಂದಿದ್ದರೆ ನಂಬುತ್ತಿದ್ದೆನೇನೋ. ಹನ್ನೊಂದು ವರ್ಷದಿಂದ ಈ ‘ಕುಡದಿಲ್ಲ’ ಕೇಳಿ ಕೇಳಿ ಸಾಕಾಗಿದೆ.

“ಸುಳ್ಳು ಹೇಳಬ್ಯಾಡ ದುಂಡ್ಯಾ. ನೀ ಹೇಳತಿ, ಗುಳಿಗಿ ಸುಳ್ಳು ಹೇಳೂದಿಲ್ಲ.”

ವಾರ್ಡಿನಲ್ಲಿ ಎಂಟು ಹಾಸಿಗೆ, ಎಲ್ಲರಿಗೂ ಕೇಳಿಸಿತು. ಅವನು ನನ್ನನ್ನು ನೋಡಿದ. ಆಮೇಲೆ ತನ್ನ ಎರಡೂ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡ.

ನಾಲ್ಕೂವರೆಗೆ ಭೌರಮ್ಮನಿಗೆ ಫೋನ್ ಮಾಡಿದೆ. ಕೊಟ್ಟ ಮಾತು. ಆ ಕಡೆ ಹೊಲಿಗೆ ಮಷೀನಿನ ಸದ್ದು ನಿಂತಿತು. “ಆತ್ರಿ ಅಕ್ಕಾರ,” ಎಂದಳು. ಇಟ್ಟಳು.

ಜೀವಕ್ಕೆ ಭಯವಿಲ್ಲ, ರಾತ್ರಿಯೊಳಗೆ ಇಳಿಯುತ್ತದೆ. ಇನ್ನು ಮೂರೇ ದಿನ ಇತ್ತಲ್ಲೋ ಮಾರಾಯ, ಮೂರು ದಿನ ತಡೆಯಲಾಗಲಿಲ್ಲವೇ ನಿನಗೆ.

೨೦ ಸೆಪ್ಟೆಂಬರ್, ಶನಿವಾರ

ಏಳಕ್ಕೆ ಹೋದೆ. ಲೋಟ ತೆಗೆದುಕೊಳ್ಳಲಿಲ್ಲ.

“ಬ್ಯಾಡಕ್ಕ.”

“ಯಾಕ?”

“ನನ್ನ ಮ್ಯಾಲೆ ನನಗ ನಂಬಿಗಿ ಇಲ್ಲ. ಗುಳಿಗಿ ಹೊಟ್ಟ್ಯಾಗ ಇದ್ದಾಗ ಮತ್ತ ಹಂಗ ಆದ್ರ ಸಾಯ್ತೇನಿ.”

ಅಂದರೆ ಕುಡಿಯುವ ವಿಚಾರ ಇದೆ. ನಾನು ತಿಳಿದದ್ದು ಹಾಗೆ. ಲೋಟದ ನೀರು ಮೋರಿಗೆ ಚೆಲ್ಲಿ ಬಂದೆ. ಈ ಗುಳಿಗೆಯ ಕಸುವು ಮೈಯಲ್ಲಿ ಹೆಚ್ಚೆಂದರೆ ಎರಡು ವಾರ. ಅಕ್ಟೋಬರ್ ಮೂರಕ್ಕೆ ವಾಚ್‌ಮನ್ ಎದ್ದು ಹೋಗುತ್ತಾನೆ.

೨೨ ಸೆಪ್ಟೆಂಬರ್, ಸೋಮವಾರ

ಘಟಸ್ಥಾಪನೆ. ಸಿಂದಗಿಯಿಂದ ಯಾರೂ ಬರಲಿಲ್ಲ. ದುಂಡೇಶ ಹಾಸಿಗೆ ಸುತ್ತಿಕೊಂಡು ಅಂಗಡಿಗೆ ಹೋಗಿದ್ದಾನೆ, ಅಲ್ಲೇ ಮಲಗುತ್ತಾನಂತೆ. ಗುಲಾಬಿ ಕೋಣೆಯ ಬಾಗಿಲು ಅವ್ವ ಎಳೆದುಕೊಂಡಿದ್ದಾಳೆ.

೨೬ ಸೆಪ್ಟೆಂಬರ್, ಶುಕ್ರವಾರ. ಮಧ್ಯಾಹ್ನ

ಅವ್ವ ಬಳ್ಳೊಳ್ಳಿ ಸುಲಿಯುತ್ತಾ ತಾನಾಗಿಯೇ ಮಾತು ತೆಗೆದಳು. ನಮ್ಮವ್ವ ಗುರವ್ವನ ಮಾತು ಯಾವಾಗಲೂ ಕೈಗೆ ಕೆಲಸ ಇದ್ದಾಗಲೇ.

“ಅವತ್ತ ಉಂಡ ಮ್ಯಾಲೆ ನನ್ನ ಔಷಧಾನೂ ಕೊಟ್ಟಿದ್ನೆವ್ವ. ಹೆಂಡತಿ ಬರತಾಳ, ಸೊರಗಿದಂಗ ಕಾಣಬಾರದು ಅಂತ. ನಾ ಎರಡು ಮುಚ್ಚಳ ಕುಡಿತೇನಿ, ಅವ ಗಂಡಸು ಅಂತ ನಾಲ್ಕು ಹಾಕಿದೆ. ಅದೂ ಮೈಗೆ ಹತ್ತಲಿಲ್ಲ ನೋಡು.”

“ಯಾವ ಔಷಧ?”

“ನೀ ತಂದಿದ್ದ.”

ಗೋಡೆಯ ಮಾಡದಲ್ಲಿತ್ತು. ದ್ರಾಕ್ಷಾರಿಷ್ಟ. ದ್ರಾಕ್ಷಿ ಹುದುಗಿಸಿ ಮಾಡುವ ಔಷಧ. ಒಳಗೆ ತಾನಾಗಿಯೇ ಆಲ್ಕೋಹಾಲ್ ಹುಟ್ಟುತ್ತದೆ, ಲೇಬಲ್ಲಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದೂ ಇದೆ. ಓದಿ ತಿಳಿದೆ ಎಂದರೆ ಸುಳ್ಳಾಗುತ್ತದೆ. ಓದುವ ಮೊದಲೇ ಗೊತ್ತಿತ್ತು.

ಅವ್ವನಿಗೆ ಏನೂ ಹೇಳದೆ ಬಾಟಲಿ ಚೀಲಕ್ಕೆ ಹಾಕಿಕೊಂಡು ಬಂದೆ. ಈ ಡೈರಿ ಹಿಂದಕ್ಕೆ ತಿರುವಿದೆ. ಸೆಪ್ಟೆಂಬರ್ ಮೂರು. ‘ಟಾನಿಕ್ ಒಯ್ದು ಕೊಟ್ಟೆ.’ ನನ್ನದೇ ಅಕ್ಷರ. ಆಸ್ಪತ್ರೆಗೆ ಹೋಗಿ ಕೌಂಟರಿನ ಲಿಸ್ಟ್ ನೋಡಿದೆ. ಆರನೇ ಸಾಲು — ಅರಿಷ್ಟ, ಆಸವ. ಊರ ಮಂದಿಗೆಲ್ಲ ಓದಿ ಹೇಳಿದ್ದೇನೆ. ಅವ್ವನಿಗೆ ಹೇಳಿಲ್ಲ. ಅವ್ವ ತನ್ನ ಔಷಧವನ್ನು ಮಗನಿಗೂ ಕುಡಿಸಬಹುದು ಎಂದು ತಲೆಗೇ ಬಂದಿರಲಿಲ್ಲ. ಬರಬೇಕಿತ್ತು. ಹುಟ್ಟಿದಾಗಿನಿಂದ ಇವಳು ಮಾಡುತ್ತಾ ಬಂದದ್ದು ಅದನ್ನೇ.

ಗುಳಿಗೆ ಸುಳ್ಳು ಹೇಳಲಿಲ್ಲ. ಕೇಳಿಸಿಕೊಂಡವಳು ನಾನು ತಪ್ಪು ಕೇಳಿಸಿಕೊಂಡೆ.

೨೮ ಸೆಪ್ಟೆಂಬರ್, ಭಾನುವಾರ

ಇವರು ನಿನ್ನೆ ಮುದ್ದೇಬಿಹಾಳದಿಂದ ಬಂದರು. ಅಲ್ಲಿ ಹೈಸ್ಕೂಲ್ ಮಾಸ್ತರು, ವಾರಕ್ಕೊಮ್ಮೆ ಗಂಡ. ಎಲ್ಲ ಕೇಳಿ, “ಇವತ್ತ ಹೋಗಿ ಹೇಳಿ ಬಾ” ಎಂದರು. ಅಷ್ಟಕ್ಕೇ ಜಗಳ ತೆಗೆದೆ. ಅವ್ವ ಈ ವಯಸ್ಸಿನಲ್ಲಿ ತಡೆದುಕೊಳ್ಳಲ್ಲ ಅಂದೆ, ಹಬ್ಬ ಮುಗಿಯಲಿ ಅಂದೆ. ಅವ್ವ ಅಲ್ಲ, ನಾನು ತಡೆದುಕೊಳ್ಳಲ್ಲ. ಹದಿನಾರು ವರ್ಷ ಕೌಂಟರಿನ ಹಿಂದೆ ನಿಂತು ಎಲ್ಲರಿಗೂ ಬುದ್ಧಿ ಹೇಳಿದವಳು ವಾರ್ಡಿನ ಎಂಟು ಹಾಸಿಗೆಯ ಮುಂದೆ ತಮ್ಮನ ಮರ್ಯಾದೆ ತೆಗೆದಿದ್ದೇನೆ. ಇವರು ಬಸ್ ಹತ್ತಿದರು.

೩೦ ಸೆಪ್ಟೆಂಬರ್, ಮಂಗಳವಾರ

ಪೇಷಂಟುಗಳೆಲ್ಲ ಹೋದ ಮೇಲೆ ಡಾ. ಫಿರದೋಸರಿಗೆ ಹೇಳಿದೆ.

“ನಾಲ್ಕು ಮುಚ್ಚಳ ಸಾಕ್ರಿ, ಆಗತೈತಿ. ದುಂಡೇಶಗ ಹೇಳೀರಿ?”

“ಇಲ್ರಿ.”

ಅವರು ಪೆನ್ ಇಟ್ಟರು.

“ಕುಡಿಯೂ ದಿನದಾಗ ಅವರಿಗೆ ನಿನ್ನೆ ನಡದಿದ್ದು ಇವತ್ತ ನೆನಪ ಇರತಿದ್ದಿಲ್ಲ, ಹೌದಲ್ರಿ? ಮಿದುಳು ನೆನಪು ಬರಕೊಳ್ಳೂ ಜಾಗಾನ ದಾರು ಬಂದ್ ಮಾಡಿಬಿಡತೈತಿ. ಅಂಥವರು ಮುಂದ ತಮ್ಮ ನೆನಪ ತಾವು ನಂಬಾಕ ಭಾಳ ತ್ರಾಸ ಪಡತಾರ. ನೀವು ತಡಾ ಮಾಡಬ್ಯಾಡ್ರಿ.”

ಅರ್ಥವಾಗದವಳ ಹಾಗೆ ಸ್ಟಾಕ್ ರಿಜಿಸ್ಟರ್ ತಿರುವಿದೆ.

ಅಂಜಿಸುವ ಗುಳಿಗೆ ಇನ್ನು ಸಾಕಂತೆ. ಲಿವರ್ ಟೆಸ್ಟ್ ಮಾಡಿಸಿ ನಾಲ್ಟ್ರೆಕ್ಸೋನ್ ಶುರು ಮಾಡುತ್ತಾರಂತೆ. ಅದು ತಲೆಯೊಳಗೆ ಕೆಲಸ ಮಾಡುತ್ತದೆ. ಕುಡಿದಾಗ ಸಿಗುವ ಮಜಾ ಸಿಗದ ಹಾಗೆ ತಡೆದು, ನಿಧಾನಕ್ಕೆ ಆಸೆಯನ್ನೇ ತಗ್ಗಿಸುತ್ತದೆ. ಆದರೆ ಅವನು ಬರಬೇಕಲ್ಲ. ಎರಡು ಮಂಗಳವಾರದಿಂದ ಬಂದಿಲ್ಲ.

೨ ಅಕ್ಟೋಬರ್, ಗುರುವಾರ. ರಾತ್ರಿ ೮

ದುಂಡೇಶ ಸಂಜೆ ದಸರೆಯ ಬನ್ನಿ ಕೊಡಲು ಬಂದ. ಬರಲಾರ ಅಂದುಕೊಂಡಿದ್ದೆ. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಅವ್ವನ ಕೈಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಿದ. ಆಮೇಲೆ ನನ್ನ ಮುಂದೆ ಬಗ್ಗಿದ.

“ಬನ್ನಿ ತಗೊಂಡು ಬಂಗಾರದ್ಹಂಗ ಇರೂಣಕ್ಕ.”

ಬಗ್ಗಿದಾಗ ನಾನು ಅವನ ಉಸಿರು ಮೂಸಿದೆ. ಎಲ್ಲ ಗೊತ್ತಿದ್ದೂ ಮೂಸಿದೆ. ಕೊಬ್ಬರಿ ಎಣ್ಣೆಯ ವಾಸನೆ ಬಿಟ್ಟು ಬೇರೆ ಇರಲಿಲ್ಲ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

“ಹೆಂಗ ಅದಿ?” ಅಂದೆ.

“ಅದೇನಿ, ಅಕ್ಕ. ಆ ತಿರುವಿನ್ಯಾಗ ಹೋಗೂದ ಬಿಟ್ಟೇನಿ. ಕೆರಿ ದಾರಿ ಸುತ್ತು ಹಾಕಿ ಬರ್ತೇನಿ.”

ಹದಿಮೂರು ದಿನ ಗುಳಿಗೆ ಇಲ್ಲ. ಬಾಗಿಲಲ್ಲಿ ಯಾರೂ ಕೂತಿಲ್ಲ. ಬರೀ ಸುತ್ತುದಾರಿಯ ಮೇಲೆ ನಡೆದಿದ್ದಾನೆ ನನ್ನ ತಮ್ಮ.

ಅವನು ಹೋದ ಮೇಲೆ ಅವ್ವನಿಗೆ ಹೇಳಿಬಿಟ್ಟೆ. ಬನ್ನಿ ಎಲೆ ಮಡಿಲಲ್ಲೇ ಇದ್ದವು.

“ನಾ ಕೊಟ್ಟಿದ್ದರಿಂದನ?”

“ನಾ ತಂದಿದ್ದರಿಂದವ್ವ. ನಿನಗ ಹೇಳದ ಬಿಟ್ಟಿದ್ದರಿಂದ.”

ಸೆರಗಿನಿಂದ ಮೂಗು ಒರೆಸಿಕೊಂಡಳು.

“ಅವಗ ಹೇಳು. ನನ್ನ ಹೆಸರ ಮುಚ್ಚಬ್ಯಾಡ. ಮೊದಲ ಆ ಹುಡಿಗಿಗೆ ಹೇಳು, ಫೋನ್ ಮಾಡಿ ಕೆಡಿಸಿದಾಕಿ ನೀ.”

೪ ಅಕ್ಟೋಬರ್, ಶನಿವಾರ. ಬಸ್ಸಿನಲ್ಲಿ

ಸಿಂದಗಿಯಿಂದ ವಾಪಸು. ಅಕ್ಷರ ಕುಣಿಯುತ್ತಿವೆ, ಇರಲಿ.

ಭೌರಮ್ಮ ಮಷೀನಿನ ಮುಂದೆ ಕೂತಿದ್ದಳು. ಚಹಾ ಬೇಡ ಅಂದೆ, ಮೊದಲು ಮಾತು. ನಿಂತುಕೊಂಡೇ ಎಲ್ಲ ಹೇಳಿದೆ. ಬಾಟಲಿ, ನಾಲ್ಕು ಮುಚ್ಚಳ, ಆರನೇ ಸಾಲು. ಹೇಳದೆ ಎಂಟು ದಿನ ಕೂತಿದ್ದೂ ಹೇಳಿದೆ. ಬೈಯುತ್ತಾಳೆ ಎಂದು ಕಾಯ್ದೆ. ಹೊಲಿಯುತ್ತಿದ್ದ ಕುಪ್ಪಸದ ದಾರ ಕಡಿದಳು.

“ಔಷಧದ್ದು ಗೊತ್ತಿದ್ದಿಲ್ರಿ. ಅವರು ಕುಡದಿಲ್ಲ ಅನ್ನೂದು ಗೊತ್ತಿತ್ತು.”

“ಹೆಂಗ?”

“ನೀವು ಹೇಳಿದ ಮರುದಿನ ಅವರು ತಾವಾಗೇ ಫೋನ್ ಮಾಡಿದ್ರು. ‘ನನಗ ನೆನಪಿಲ್ಲ ಭೌರಾ, ಆದ್ರ ಅಕ್ಕ ಹೇಳತಾಳ, ಗುಳಿಗೀನೂ ಹೇಳತೈತಿ, ನಾ ಕುಡದಿರಬೇಕು’ ಅಂದ್ರು. ಹನ್ನೊಂದು ವರ್ಷ ಬಾಳುವೆ ಮಾಡೇನ್ರಿ ಅಕ್ಕಾರ. ನಿಂದ್ರಾಕ ಬರದಂಗ ಕುಡದಾಗೂ ‘ಕುಡದಿಲ್ಲ’ ಅಂದವರು. ಒಂದ ದಿನಾನೂ ಒಪ್ಪಿದವರಲ್ಲ. ಅವತ್ತ ಒಪ್ಪಿದ್ರು. ಆವಾಗ ತಿಳೀತು, ಕುಡದಿಲ್ಲ ಅಂತ.”

ನಾನು ಕೂತೆ.

“ಮತ್ತ ಯಾಕ ಬರಲಿಲ್ಲವ್ವ?”

“ನೀವು ಕುಡದಿಲ್ಲ ಬಿಡ್ರಿ ಅಂದೆ. ‘ನೀ ಪಾಪ, ನನ್ನ ಸಲುವಾಗಿ ಹಂಗ ಅಂತಿ’ ಅಂದ್ರು. ನಾ ಬಂದು ಕುಂತ್ರ, ಕುಡದ ಗಂಡನ್ನ ಕ್ಷಮಾ ಮಾಡಿ ಬಂದಾಳ ಅಂತ ಅವರ ಮನಸಿನ್ಯಾಗ ಉಳೀತೈತಿ. ಮಾಡದ ತಪ್ಪಿಗೆ ಕ್ಷಮಾ ಬ್ಯಾಡ್ರಿ ನನ್ನ ಗಂಡಗ. ನಿಮ್ಮ ಮಾತ ಒಳಗ ಹೊಕ್ಕೈತಿ. ನೀವ ತಗೀಬೇಕು.”

ಕೂಸು ಬಂದು ನನ್ನ ತೊಡೆಯ ಮೇಲೆ ಕೂತಿತು. ಅತ್ತಿ ಯಾಕ ಅಳಾಕತ್ತಾಳ ಎಂದು ತನ್ನ ಅವ್ವನನ್ನು ಕೇಳಿತು.

‘ನನ್ನ ಮ್ಯಾಲೆ ನನಗ ನಂಬಿಗಿ ಇಲ್ಲ.’ ಅವತ್ತು ಕಟ್ಟೆಯ ಮೇಲೆ ಹೇಳಿದ್ದ. ಕುಡಿಯುವ ವಿಚಾರ ಇದೆ ಎಂದು ನಾನು ಲೋಟ ಚೆಲ್ಲಿದೆ. ಅವನು ಹೇಳಿದ್ದೇ ಬೇರೆ. ಗೊತ್ತಿಲ್ಲದೆಯೇ ಕುಡಿಯುವ ಮನುಷ್ಯ ತಾನು ಎಂದು ಹದಿನೈದು ದಿನದಿಂದ ನಂಬಿಕೊಂಡು ಒಬ್ಬನೇ ಅಂಗಡಿಯಲ್ಲಿ ಮಲಗಿದ್ದಾನೆ. ನಂಬಿಸಿದವಳು ನಾನು. ಬಸ್ಸಿನಲ್ಲಿ ಎಲ್ಲರೂ ನೋಡುತ್ತಿದ್ದಾರೆ, ನೋಡಲಿ.

೫ ಅಕ್ಟೋಬರ್, ಭಾನುವಾರ. ಬೆಳಗ್ಗೆ ೧೧, ಅಂಗಡಿಯಲ್ಲಿ

ಕಾಳಪ್ಪನ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಈಗ ಬರೆಯದಿದ್ದರೆ ಮುಂದೆ ಸರಿಯಾಗಿ ನೆನಪಿರಲಾರದು.

ದುಂಡೇಶ ಸುಟ್ಟ ಕಾಯಿಲ್ ಕಿತ್ತು ತೆಗೆಯುತ್ತಿದ್ದ. ಒಂದೇ ಉಸಿರಿನಲ್ಲಿ ಹೇಳಿದೆ. ಇಕ್ಕಳ ಕೈಯಲ್ಲೇ ಉಳಿಯಿತು.

“ಎಷ್ಟು ಹಾಕಿದ್ಳಂತ ಅವ್ವ?”

“ನಾಲ್ಕು ಮುಚ್ಚಳ. ನೀ ಗಂಡಸು ಅಂತ.”

ಸಣ್ಣಗೆ ನಕ್ಕ. “ಕಷಾಯ ಅನಕೊಂಡಿದ್ನಿ. ಅವ್ವಗ ಬೈದೇನು?”

“ಇಲ್ಲ.”

“ಬೈಬ್ಯಾಡ.” ಇಕ್ಕಳ ಕೆಳಗಿಟ್ಟು — “ಕಾಳಪ್ಪಗ ಮೂರು ಸಲ ಕೇಳೇನಿ ಅಕ್ಕ, ಅವತ್ತ ನಾ ಎಲ್ಲೆರ ಹೋಗಿದ್ನೇನ ಅಂತ. ಇಲ್ಲ ಅಂದ. ಅವನೂ ಮುಚ್ಚಾಕತ್ತಾನ ಅನಿಸ್ತು. ಅಂಗಿ ಕಿಸೆ ನೋಡಿದೆ. ಇಲ್ಲೆಲ್ಲಾ ಬಾಟಲಿ ಹುಡಕಿದೆ. ನನಗ ನೆನಪ ಇದ್ದಿದ್ದು ರೊಟ್ಟಿ, ಪಲ್ಯ, ಮಜ್ಜಿಗಿ ಅಷ್ಟ. ಹಂಗಾರ ಅದು ಖರೇ ಐತಿ?”

“ಖರೇ ಐತಿ. ನೀ ಕುಡದಿಲ್ಲ.”

“ಮತ್ತೊಮ್ಮೆ ಅನ್ನು.”

“ನೀ ಕುಡದಿಲ್ಲ ದುಂಡ್ಯಾ. ತಪ್ಪು ನಂದು. ಎಂಟು ಹಾಸಿಗಿ ಮುಂದ ಅಂದೇನಿ, ಎಂಟು ಹಾಸಿಗಿ ಮುಂದ ಬಂದು ಹೇಳಾಕೂ ತಯಾರ ಅದೇನಿ.”

ಅವನು ತೋಳಿನಿಂದ ಮುಖ ಒತ್ತಿಕೊಂಡ. ಭುಜ ಅಲುಗಿದವು. ಮುಟ್ಟಲು ಧೈರ್ಯವಾಗಲಿಲ್ಲ, ಆಮೇಲೆ ಮುಟ್ಟಿದೆ. ಕೈ ಸರಿಸಲಿಲ್ಲ. ಮಂಗಳವಾರ ಡಾಕ್ಟರ್ ಹತ್ತಿರ ಬರುತ್ತಾನಂತೆ, ಹೊಸ ಗುಳಿಗೆಗೆ. ನಾನು ಕೇಳುವ ಮೊದಲೇ ಹೇಳಿದ.

ಈಗ ಕೈ ತೊಳೆದುಕೊಂಡು, ಫೋನ್ ಹಿಡಿದು ಹೊರಗೆ ನಿಂತಿದ್ದಾನೆ. ಬೆನ್ನು ಈ ಕಡೆ. ಟೆಂಪೋ ಸದ್ದಿನಲ್ಲಿ ಅರ್ಧ ಕೇಳಿಸುತ್ತದೆ, ಅರ್ಧ ಇಲ್ಲ.

“ಭೌರಾ, ನಾನ... ಏನಿಲ್ಲ, ಅಕ್ಕ ಬಂದಾಳ... ನೋಡು, ಅವತ್ತ ನಾ ಕುಡದಿದ್ದಿಲ್ಲಂತ. ಖರೇನ ಕುಡದಿದ್ದಿಲ್ಲಂತ, ಅಕ್ಕನ ಹೇಳತಾಳ...”